ತೂಕದ ಸಾಹೇಬರ ಹೊಟ್ಟೆಯ ತೀರ್ಮಾನ

ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಪಕ್ಕದ ಗಾಜಿನ ಕೋಣೆಯಲ್ಲಿ ಕೂತವನಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು: ತೂಗಿ ಮುಗಿದವು, ಇನ್ನೂ ತೂಗದೆ ಉಳಿದವು. ನಮ್ಮ ಕಥಾನಾಯಕರು ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಆ ಕೋಣೆಯಲ್ಲಿ ಕೂತು ಮರಳು, ಇಟ್ಟಿಗೆ, ಈರುಳ್ಳಿ, ಹಳೇ ಪೇಪರು, ಗುಜರಿ ಕಬ್ಬಿಣ ಎಲ್ಲವನ್ನೂ ತೂಗಿ ಮುಗಿಸಿದ್ದರು. ತೂಗದೆ ಉಳಿದಿದ್ದವರು ಅವರೊಬ್ಬರೇ.

ಡ್ರೈವರುಗಳು ಅವರನ್ನು ತೂಕದ ಸಾಹೇಬರು ಎಂದು ಕರೆಯುತ್ತಿದ್ದರು. ಸಾಹೇಬರದ್ದು ಒಂದು ಕಟ್ಟುನಿಟ್ಟಿನ ನಿಯಮ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತ ಕೂಡಲೇ ಡ್ರೈವರು, ಕ್ಲೀನರು, ಮುಂದಿನ ಸೀಟಿನಲ್ಲಿ ಪುಕ್ಕಟೆ ಸವಾರಿ ಮಾಡುವ ನೆಂಟರಿಷ್ಟರು, ಎಲ್ಲರೂ ಇಳಿದು ದೂರ ನಿಲ್ಲಬೇಕು. "ಇಳೀರಪ್ಪ, ಇಳೀರಿ. ಇಲ್ಲಿ ತೂಗೋದು ಮಾಲನ್ನ, ಮನುಷ್ಯರನ್ನಲ್ಲ" ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಈ ವಿಷಯದಲ್ಲಿ ಅವರಿಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ. ಅವರ ಸ್ವಂತ ತೂಕವನ್ನು ಯಾರಾದರೂ ಕೇಳಿದರೆ "ಎಂಬತ್ತು ಚಿಲ್ಲರೆ" ಎನ್ನುತ್ತಿದ್ದರು. ಚಿಲ್ಲರೆ ಎಷ್ಟೆಂದು ಬಿಡಿಸಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಆ ದಿನ ಗುಜರಿ ಕಬ್ಬಿಣದ ಲಾರಿ ಬಂದಾಗ ಒಳಗೆ ಮಿಷನ್ ಮುಂದೆ ಕೂತಿದ್ದವನು ಮಾಲೀಕ. ತಂದೆ ತೀರಿಕೊಂಡ ಮೇಲೆ ವ್ಯವಹಾರ ವಹಿಸಿಕೊಂಡ ಈ ಹುಡುಗುಮುಖದ ಯಜಮಾನ ಸಾಹೇಬರನ್ನು ಅಂಕಲ್ ಎಂದೇ ಕರೆಯುತ್ತಿದ್ದ. ಸಾಹೇಬರು ಹೊರಗೆ ಬಂದು, ಹಾಸಿನ ಮೇಲೆ ನಿಂತು, ಇಳಿಯಲು ಮೀನಮೇಷ ಎಣಿಸುತ್ತಿದ್ದ ಡ್ರೈವರನಿಗೆ ಬುದ್ಧಿ ಹೇಳಿದರು. ಡ್ರೈವರು ಇಳಿದ. ಮಾಲೀಕ ಗುಂಡಿ ಒತ್ತಿದ. ತೂಕದ ಚೀಟಿ ಹೊರಗೆ ಬಂತು.

ಚೀಟಿ ನೋಡಿದ್ದೇ ಮಾಲು ಕೊಳ್ಳುವವನು ಬೊಬ್ಬೆ ಹಾಕಿದ. ದಾರಿಯಲ್ಲಿ ಬೇರೊಂದು ಕಡೆ ತೂಗಿಸಿಕೊಂಡು ಬಂದಿದ್ದ. ಇಲ್ಲಿ ನೂರ ಇಪ್ಪತ್ತು ಕಿಲೋ ಹೆಚ್ಚು ಬಂದಿತ್ತು. ಮಾರುವವನು ಇದೇ ಸರಿ ಅಂದ. ಇಬ್ಬರೂ ಪರಸ್ಪರರ ತಾತನವರೆಗೂ ಹೋಗಿ ಬಂದರು. ಸುತ್ತಮುತ್ತಲಿನ ಲಾರಿಗಳವರೆಲ್ಲ ಕೆಲಸ ಬಿಟ್ಟು ಸೇರಿದರು. ಕೊನೆಗೆ ಸಾಹೇಬರೇ ನ್ಯಾಯಾಧೀಶರ ಗತ್ತಿನಲ್ಲಿ ಕೈಯೆತ್ತಿದರು. "ಲಾರಿ ಕೆಳಗಿಳಿಸಿ. ಖಾಲಿ ಹಾಸು ಸೊನ್ನೆ ತೋರಿಸ್ಬೇಕು. ತೋರಿಸಿದ್ರೆ ಮಿಷನ್ ಸರಿ, ನಿಮ್ಮ ತಲೆ ಕೆಟ್ಟಿದೆ ಅಂತ ಅರ್ಥ."

ಲಾರಿ ಇಳಿಯಿತು. ಹೊರಗಿನ ದೊಡ್ಡ ಬೋರ್ಡಿನಲ್ಲಿ ಕೆಂಪು ಅಂಕಿಗಳು ಕುಣಿದಾಡಿ, ನೂರ ಇಪ್ಪತ್ತಕ್ಕೆ ಬಂದು ನಿಂತವು.

"ನೋಡಿ, ನೋಡಿ! ಏನೂ ಇಲ್ದೇನೇ ನೂರ ಇಪ್ಪತ್ತು! ಮಿಷನ್ನೇ ಕಳ್ಳ!" ಎಂದ ಕೊಳ್ಳುವವನು.

ಸಾಹೇಬರಿಗೆ ರೋಷ ಬಂತು. ಹಾಸಿನ ನಟ್ಟನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟರು. "ಅಡೀಲಿ ಕಲ್ಲು ಸಿಕ್ಕೊಂಡಿರ್ಬೇಕು." ಆ ತುದಿಗೆ ಹೋಗಿ ಬಗ್ಗಿ ನೋಡಿದರು. ನೂರ ಇಪ್ಪತ್ತು. ಈ ತುದಿಗೆ ಬಂದು ಕಾಲಿನಿಂದ ಒದ್ದರು. ಅಂಕಿ ಗಾಬರಿಯಾಗಿ ಒಮ್ಮೆ ಮೇಲೆ ಹಾರಿ ಮತ್ತೆ ನೂರ ಇಪ್ಪತ್ತಕ್ಕೆ ಬಂತು. "ಮೆಕ್ಯಾನಿಕ್‌ನ ಕರೆಸಿ! ಮಿಷನ್ನಿಗೆ ಬುದ್ಧಿ ಭ್ರಮಣೆ ಆಗಿದೆ" ಎಂದು ಘೋಷಿಸಿದರು.

ಒಳಗಿನಿಂದ ಮಾಲೀಕನ ದನಿ ಕೇಳಿಸಿತು. ಪಾಪ, ಮೆಲ್ಲಗೇ ಹೇಳಿದ್ದ. ಆದರೆ ಮೈಕು ಆನ್ ಆಗಿತ್ತು. "ಅಂಕಲ್, ನೀವು ಸ್ವಲ್ಪ ಕೆಳಗೆ ಇಳೀರಿ."

"ನಾನ್ಯಾಕಪ್ಪ ಇಳೀಲಿ?"

"ಸುಮ್ನೆ ಇಳೀರಿ ಅಂಕಲ್."

ಇಳಿದರು. ಸೊನ್ನೆ.

"ಈಗ ಹತ್ತಿ."

ಹತ್ತಿದರು. ನೂರ ಇಪ್ಪತ್ತು.

"ಇನ್ನೊಂದ್ಸಲ ಇಳೀರಿ ಸಾಹೇಬ್ರೇ" ಎಂದು ಹಿಂದಿನಿಂದ ಒಬ್ಬ ಡ್ರೈವರು ಕೂಗಿದ. ಅಷ್ಟರಲ್ಲಿ ವಿಚಾರಣೆ ಮುಗಿದಿತ್ತು. ಅವನು ಕೇಳಿದ್ದು ಬರೀ ಸಂತೋಷಕ್ಕೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಗಳವಾಡುತ್ತಿದ್ದ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಕ್ಕರು. ಮಾಲೀಕ ಮಾತ್ರ ನಗಲಿಲ್ಲ. ಹೊರಗೆ ಬಂದು, "ಅಂಕಲ್, ನಾವು ಜನಕ್ಕೆ ಮಾರೋದು ನಂಬಿಕೆ ಒಂದನ್ನೇ. ತೂಗೋರೇ ತೂಕಕ್ಕೆ ಸೇರ್ಕೊಂಡ್ರೆ ಹೇಗೆ?" ಎಂದ.

ಮನುಷ್ಯನಿಗೆ ಅವಮಾನವಾದಾಗ ಬಾಯಿ ತಲೆಯನ್ನು ಕೇಳಿ ಮಾತಾಡುವುದಿಲ್ಲ. ಹಿಂದಿನ ದಿನವಷ್ಟೇ ಸಾಹೇಬರು ಕ್ಷೌರದಂಗಡಿಯಲ್ಲಿ ಮುಖಪುಟ ಹರಿದುಹೋದ ಪತ್ರಿಕೆಯೊಂದನ್ನು ತಿರುವಿ ಹಾಕಿದ್ದರು. ಅದರಲ್ಲಿ ಓದಿದ್ದು ಈಗ ಸಮಯಕ್ಕೆ ಒದಗಿತು.

"ಅದಕ್ಕೇ ಆಪರೇಷನ್ ಮಾಡಿಸ್ಕೋತಾ ಇದೀನಿ" ಎಂದರು, ಎದೆ ಸೆಟೆಸಿ. "ತೂಕ ಇಳಿಸೋ ಆಪರೇಷನ್. ಎಲ್ಲಾ ನಿಕ್ಕಿ ಆಗಿದೆ. ಅದರಲ್ಲಿ ಮೂರು ಥರ ಇದೆ. ಯಾವುದು ಅಂತ ಒಂದು ತೀರ್ಮಾನ ಆಗ್ಬೇಕು, ಅಷ್ಟೇ."

ನಗು ನಿಂತಿತು. ಆಪರೇಷನ್ ಎಂದರೆ ಯಾರೂ ನಗುವಂತಿಲ್ಲ. ಮಾಲೀಕ ಅವರ ಕೈ ಹಿಡಿದುಕೊಂಡ. ಇಳೀರಿ ಎಂದು ಕೂಗಿದ ಡ್ರೈವರು ತಲೆ ತಗ್ಗಿಸಿ ಕ್ಷಮೆ ಕೇಳಿದ. ಸಾಹೇಬರು ಉದಾರವಾಗಿ ಕ್ಷಮಿಸಿದರು.

ಆದರೆ ಅವರು ಮನೆ ತಲುಪುವ ಮೊದಲೇ ಸುದ್ದಿ ಮನೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಮಿತಭಾಷಿ, ಗಂಡನಿಗೆ ಏನಾದರೂ ಹೇಳಬೇಕಾದರೆ ಸಾಧಾರಣವಾಗಿ ಪಾತ್ರೆಗಳ ಮೂಲಕವೇ ಹೇಳಿ ಮುಗಿಸುವವರು. ಅಂದು ಅವರ ಕಣ್ಣು ತುಂಬಿತ್ತು.

"ರೀ, ಎಷ್ಟೋ ದಿನದಿಂದ ಡಾಕ್ಟ್ರ ಹತ್ರ ಹೋಗೋಣ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ನೀವೇ ಹೋಗಿ ಬಂದುಬಿಟ್ರಲ್ಲ! ಡಾಕ್ಟ್ರು ಏನಂದ್ರು?"

ಸುಳ್ಳೆಂದು ಹೇಳಲು ಸಾಹೇಬರು ಬಾಯಿ ತೆರೆದರು. ಆ ಕಣ್ಣು ನೋಡಿ ಬಾಯಿ ಮುಚ್ಚಿದರು. ಮತ್ತೆ ತೆರೆದು, "ನನ್ನಿಷ್ಟಕ್ಕೇ ಬಿಟ್ಟಿದ್ದಾರೆ ಕಣೇ" ಎಂದರು.

ಮಾರನೆಯ ದಿನ ಅಕ್ಕ, ಭಾವ ಬಂದಿಳಿದರು. ಅಕ್ಕ ಬಂದವಳೇ ತಮ್ಮನ ಹೊಟ್ಟೆಯನ್ನು ತಬ್ಬಿಕೊಂಡು, ಅದು ಇನ್ನೇನು ದೂರದೇಶಕ್ಕೆ ಹೊರಟಿದೆಯೋ ಎನ್ನುವ ಹಾಗೆ ಅತ್ತಳು. ಭಾವ ಪೈಪು, ನಲ್ಲಿಗಳ ಗುತ್ತಿಗೆಯಲ್ಲಿ ತಲೆ ನರೆಸಿದವರು, ಅಳುವುದರಲ್ಲಿ ನಂಬಿಕೆಯಿಲ್ಲ. ಕುರ್ಚಿ ಎಳೆದುಕೊಂಡು, "ಆ ಮೂರು ಥರ ಯಾವ್ಯಾವುದು, ಹೇಳು" ಎಂದರು. ಅಷ್ಟರಲ್ಲಿ ಕೆಳಮನೆಯ ದರ್ಜಿಯೂ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದು ಕೂತಿದ್ದ. ಸಾಹೇಬರ ಪ್ಯಾಂಟುಗಳೆಲ್ಲ ಅವನ ಕೈಯವೇ ಆದ್ದರಿಂದ ಈ ಹೊಟ್ಟೆಯ ಮೇಲೆ ತನಗೂ ಹಕ್ಕಿದೆ ಎಂದು ಅವನು ತಿಳಿದಿದ್ದ.

ಸಾಹೇಬರು ಕ್ಷೌರದಂಗಡಿಯ ಜ್ಞಾನವನ್ನು ಧಾರೆಯೆರೆದರು. ಒಂದನೆಯದು ಸ್ಲೀವ್: ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಉದ್ದದ ಒಂದು ಕೊಳವೆ ಉಳಿಸುವುದು. ಎರಡನೆಯದು ಬೈಪಾಸ್: ಹೊಟ್ಟೆಯ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚೀಲ ಮಾಡಿ, ಅದಕ್ಕೆ ಕರುಳನ್ನು ನೇರವಾಗಿ ಜೋಡಿಸುವುದು, ಹಳೇ ಹೊಟ್ಟೆ ಕೆಲಸವಿಲ್ಲದೆ ಒಳಗೇ ಇರುತ್ತದೆ. ಮೂರನೆಯದು ಬ್ಯಾಂಡ್: ಏನನ್ನೂ ಕತ್ತರಿಸದೆ ಹೊಟ್ಟೆಯ ಮೇಲ್ಭಾಗಕ್ಕೊಂದು ಪಟ್ಟಿ ಬಿಗಿಯುವುದು.

"ಬೈಪಾಸ್" ಎಂದರು ಭಾವ, ಒಂದು ಕ್ಷಣವೂ ಯೋಚಿಸದೆ. "ಹಳೇ ಟ್ಯಾಂಕು ರಿಪೇರಿ ಮಾಡೋಕೆ ಹೋಗ್ಬಾರ್ದು. ಹೊಸ ಲೈನ್ ಎಳೆದುಬಿಡ್ಬೇಕು."

"ಸುಮ್ನಿರಿ ನೀವು! ಹಳೇ ಹೊಟ್ಟೆ ಒಳಗೇ ಇರುತ್ತಂತೆ" ಎಂದಳು ಅಕ್ಕ. "ಅಟ್ಟ ಅಂತ ಇದ್ರೆ ಸಾಮಾನು ತುಂಬ್ತಾನೇ ಇರುತ್ತೆ. ಅಟ್ಟಾನೇ ಕೆಡವಿಬಿಡ್ಬೇಕು. ಸ್ಲೀವೇ ಸರಿ ಕಣೋ."

ದರ್ಜಿ ಕಿವಿ ಮುಚ್ಚಿಕೊಂಡ. "ಕತ್ತರಿ ಹಾಕಿದ್ಮೇಲೆ ಮುಗೀತು ಸಾರ್! ಆಮೇಲೆ ಬೇಕು ಅಂದ್ರೆ ಎಲ್ಲಿಂದ ತರ್ತೀರಾ? ಹೊಲಿಗೆ ಒಳಗೆ ಯಾವಾಗ್ಲೂ ಬಟ್ಟೆ ಬಿಟ್ಟಿರ್ಬೇಕು. ಬ್ಯಾಂಡ್ ಹಾಕಿಸಿ. ಬಿಗಿ ಆದ್ರೆ ಬಿಚ್ಚಬಹುದು."

"ಡಾಕ್ಟ್ರು ಏನಂದ್ರು ಅಂತ..." ಎಂದು ಹೆಂಡತಿ ಶುರು ಮಾಡಿದರು. ಅಷ್ಟರಲ್ಲಿ ಭಾವ ದರ್ಜಿಯನ್ನು, ನಿನಗೆ ಪೈಪಿನ ಬಗ್ಗೆ ಏನು ಗೊತ್ತು ಎಂದು ಕೇಳಿಯಾಗಿತ್ತು. ಆ ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಿಸಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸಾಹೇಬರು ನಾಲ್ಕು ದಿನ ಬಿಟ್ಟು, ಮನಸ್ಸು ಬದಲಾಯಿತು ಎಂದು ಹೇಳಿ ಪಾರಾಗುತ್ತಿದ್ದರು. ಆದರೆ ಅಕ್ಕ ಮತ್ತೊಂದು ಪ್ರಶ್ನೆ ಕೇಳಿದಳು. "ಆಪರೇಷನ್ ಆದ್ಮೇಲೆ ಊಟ?"

"ಮೊದಲು ಬರೀ ನೀರು, ಅದೂ ಗುಟುಕು ಗುಟುಕು. ಆಮೇಲೂ ಒಂದು ಸಣ್ಣ ಬಟ್ಟಲು."

ಅಕ್ಕ ಎದೆಗೆ ಕೈಯಿಟ್ಟುಕೊಂಡಳು. "ಬಟ್ಟಲಾ! ಚಿಕ್ಕಂದಿನಲ್ಲಿ ಪಾತ್ರೆ ಬಳಿದು ತಿಂತಿದ್ದ ಕೂಸು! ಬಾರೋ, ಈಗ್ಲಾದ್ರೂ ಹೊಟ್ಟೆ ತುಂಬ ತಿನ್ನು" ಎಂದು ಸೀದಾ ಅಡುಗೆಮನೆಗೆ ನಡೆದಳು. ಹಾಗೆ ಶುರುವಾಯಿತು ಸಾಹೇಬರ ಹೊಟ್ಟೆಗೆ ಬೀಳ್ಕೊಡುಗೆ.

ಅಕ್ಕನ ಮನೆಯಲ್ಲಿ ಕರಿದ ಕೋಳಿ, ಬೆಣ್ಣೆ ಹಚ್ಚಿದ ರೊಟ್ಟಿ. ಅದನ್ನು ಕೇಳಿ ದರ್ಜಿಯ ಹೆಂಡತಿ ಗೋಡಂಬಿ ಹಾಕಿದ ಅನ್ನ, ಮೂರು ಬಗೆಯ ಸಿಹಿ ಮಾಡಿ ಕರೆದಳು. ಭಾವ ತಮ್ಮ ಪಕ್ಷದ ಪ್ರಚಾರಕ್ಕೆ ಅವರನ್ನು ಹೋಟೆಲಿಗೇ ಕರೆದುಕೊಂಡು ಹೋದರು. ಡ್ರೈವರುಗಳು ದೂರದ ಊರುಗಳಿಂದ ಬರುವಾಗ ಹಣ್ಣು, ಬಿಸ್ಕತ್ತು, ಕೇಕು ತಂದು, "ತಿನ್ನಿ ಸಾಹೇಬ್ರೇ, ಇನ್ನೆಷ್ಟು ದಿನ" ಎಂದು ಮುಖ ಬಾಡಿಸಿಕೊಂಡು ಕೊಟ್ಟರು. ಇಷ್ಟು ವರ್ಷ ಒಂದು ಲೋಟ ಚಹಾಕ್ಕೂ ಕರೆಯದಿದ್ದ ಮೂಲೆಮನೆಯವರು ಕೂಡ ಊಟಕ್ಕೆ ಕರೆದರು.

ಸಾಹೇಬರಿಗೆ ಬೇಗನೆ ಒಂದು ಸತ್ಯ ಹೊಳೆಯಿತು. ತೀರ್ಮಾನ ಆಗದಿರುವಷ್ಟು ದಿನ ಊಟ ನಿಲ್ಲುವುದಿಲ್ಲ. ಅಕ್ಕನ ಮನೆಯಲ್ಲಿ ಅವರು ಸ್ಲೀವ್ ಪಕ್ಷದವರಾದರು. ಭಾವ ಹೋಟೆಲಿನಲ್ಲಿ ಎರಡನೇ ತಟ್ಟೆ ತರಿಸಿದಾಗ ಬೈಪಾಸಿನ ಕಡೆ ವಾಲಿದರು. ದರ್ಜಿಯ ಮನೆಯಲ್ಲಿ ಮೂರನೇ ಸಿಹಿ ಬಡಿಸುವ ಹೊತ್ತಿಗೆ, "ನೀವು ಹೇಳೋದೂ ಯೋಚನೆ ಮಾಡೋ ಮಾತೇ" ಎಂದು ಬ್ಯಾಂಡಿಗೆ ತಲೆದೂಗಿದರು. ಮನೆಯಲ್ಲಿ ಹೆಂಡತಿ ಮಾತ್ರ, "ಆ ಡಾಕ್ಟ್ರ ಹತ್ರ ನನ್ನನ್ನೂ ಒಂದ್ಸಲ ಕರ್ಕೊಂಡ್ಹೋಗಿ" ಎನ್ನುತ್ತಿದ್ದರು. ಸಾಹೇಬರು ತೇಗಿ, ನೋಡೋಣ ಎನ್ನುತ್ತಿದ್ದರು.

ವೇಬ್ರಿಡ್ಜು ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ಮಾತಾಡುವ ಯಂತ್ರ. ಅದಕ್ಕಿಂತ ಸಣ್ಣ ವ್ಯತ್ಯಾಸಗಳನ್ನು ಅದು ಸಭ್ಯತೆಯಿಂದ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹಾಗಾಗಿ ಎಷ್ಟೋ ವಾರ ಡ್ರೈವರುಗಳು ತಮಾಷೆಗೆ ಸಾಹೇಬರನ್ನು ಹತ್ತಿಸಿದರೂ ಬೋರ್ಡು ನೂರ ಇಪ್ಪತ್ತನ್ನೇ ತೋರಿಸುತ್ತಿತ್ತು. ಒಂದು ಬೆಳಿಗ್ಗೆ ಮಾತ್ರ ಅದಕ್ಕೂ ತಡೆಯಲಾಗಲಿಲ್ಲ. ನೂರ ಮೂವತ್ತು.

"ಅಂಕಲ್!" ಮಾಲೀಕ ತಲೆಯ ಮೇಲೆ ಕೈ ಹೊತ್ತುಕೊಂಡ. "ತೂಕ ಇಳಿಸೋ ಆಪರೇಷನ್ ಅಂತ ಹೇಳಿ ತೂಕ ಏರಿಸ್ಕೊಂಡಿದೀರಲ್ಲ! ಊರೆಲ್ಲ ನಮ್ಮ ಮಿಷನ್ನೇ ಸುಳ್ಳು ಅಂತಿದೆ. ಈ ವಾರ ಒಂದು ತೀರ್ಮಾನ ಮಾಡಿ. ಇಲ್ದಿದ್ರೆ ಆ ಕೋಣೇಲಿ ಬೇರೆಯವರನ್ನ ಕೂರಿಸ್ಬೇಕಾಗುತ್ತೆ."

ಅಂದೇ ಸಂಜೆ ಹೆಂಡತಿ ದೊಡ್ಡಾಸ್ಪತ್ರೆಗೆ ಫೋನು ಮಾಡಿ ತಾವೇ ದಿನ ಗೊತ್ತು ಮಾಡಿದರು. ಗಂಡನನ್ನು ಕೇಳಲಿಲ್ಲ.

ಆಸ್ಪತ್ರೆಗೆ ನಿಯೋಗವೇ ಹೊರಟಿತು. ಭಾವ ಕೈಯಲ್ಲಿ ಪೈಪಿನ ಎರಡು ತುಂಡು ಹಿಡಿದಿದ್ದರು, ವಿವರಿಸಲು ಅನುಕೂಲವಾಗಲೆಂದು. ದರ್ಜಿ ಕೆಳಮನೆಗೆ ಬೀಗ ಹಾಕಿಯೇ ಬಂದಿದ್ದ. ಅಕ್ಕ ದಾರಿಯ ಖರ್ಚಿಗೆಂದು ಒಂದು ಡಬ್ಬಿ ತುಂಬ ಸಿಹಿ ತಂದಿದ್ದಳು. ಸಾಹೇಬರು ಮಾತ್ರ ಎಲ್ಲರಿಗಿಂತ ಹಿಂದೆ ಕಾಲೆಳೆಯುತ್ತಾ ಬಂದರು, ಏಕೆಂದರೆ ತಮ್ಮನ್ನು ನೋಡಿದ್ದಾರೆಂದು ಊರಿಗೆಲ್ಲ ಹೇಳಿದ್ದ ಡಾಕ್ಟರನ್ನು ಅವರು ಇನ್ನೂ ನೋಡಿಯೇ ಇರಲಿಲ್ಲ.

ಸರ್ಜನ್ ಒಬ್ಬ ಹೆಂಗಸು. ಕನ್ನಡಕ ಹಣೆಗೇರಿಸಿಕೊಂಡು ಇಡೀ ನಿಯೋಗವನ್ನು ನೋಡಿದರು. "ಇದರಲ್ಲಿ ರೋಗಿ ಯಾರು?" ಎಂದು ಕೇಳುವಷ್ಟರಲ್ಲಿ ಭಾವ ಪೈಪಿನ ತುಂಡುಗಳನ್ನು ಮೇಜಿನ ಮೇಲಿಟ್ಟಿದ್ದರು. ಅಕ್ಕ ಅಟ್ಟದ ವಿಷಯ ಎತ್ತಿದಳು. ದರ್ಜಿ ಅಳತೆಪಟ್ಟಿ ಬಿಚ್ಚಿದ. ಡಾಕ್ಟರು ಕೊನೆಗೆ ಮೇಜು ಕುಟ್ಟಬೇಕಾಯಿತು.

"ನಿಮಗೆ ಆಪರೇಷನ್ ಬೇಕು ಅಂತ ಹೇಳಿದ ಡಾಕ್ಟರ್ ಯಾರು?"

ಸಾಹೇಬರು ಗೋಡೆಯ ಮೇಲಿದ್ದ ಕರುಳಿನ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದರು.

"ಯಾರು?"

"ಅದು... ಕ್ಷೌರದಂಗಡೀಲಿ..."

"ಕ್ಷೌರದಂಗಡಿ ಡಾಕ್ಟರಾ?"

"ಅಲ್ಲ ಮೇಡಂ, ಪತ್ರಿಕೆ."

ಅಕ್ಕ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಹಾಗಾದ್ರೆ ನನ್ನ ಕೋಳಿಯೆಲ್ಲ ಯಾವ ಲೆಕ್ಕಕ್ಕೋ?" ದರ್ಜಿ ತನ್ನ ಹೆಂಡತಿ ಮಾಡಿದ ಸಿಹಿಗಳನ್ನು ಒಂದೊಂದಾಗಿ ಹೆಸರು ಹಿಡಿದು ನೆನೆದ. ಭಾವ ಹೋಟೆಲಿನ ಎರಡನೇ ತಟ್ಟೆಯ ಪ್ರಸ್ತಾಪ ಮಾಡಿದರು. ಆದರೆ ಹೆಂಡತಿಯ ಮುಖದಲ್ಲಿ ಇಷ್ಟು ದಿನ ಇದ್ದ ಬೆಳಕು ಆರಿಹೋಯಿತು, ಅದನ್ನು ಸಾಹೇಬರು ನೋಡಿದರು. ಬೇರೆಯವರ ಗುದ್ದು, ಬೈಗುಳ ಯಾವುದೂ ಅಷ್ಟು ನೋಯಿಸಿರಲಿಲ್ಲ.

"ಸರಿ, ಸುಳ್ಳಾಯ್ತು, ಎಲ್ಲ ಮನೆಗೆ ಹೋಗೋಣ" ಎಂದು ಅವರು ಎದ್ದರು.

"ಕೂತ್ಕೊಳ್ಳಿ" ಎಂದರು ಡಾಕ್ಟರು. "ಬಂದಿದ್ದೀರಿ, ನೋಡೇಬಿಡೋಣ. ತೂಕ ಎಷ್ಟು?"

"ನೂರ ಮೂವತ್ತು."

"ಯಾವುದರಲ್ಲಿ ನೋಡಿದ್ರಿ?"

"ಲಾರಿ ತೂಗೋದರಲ್ಲಿ."

ಡಾಕ್ಟರು ಇಷ್ಟು ಹೊತ್ತು ಕಾಪಾಡಿಕೊಂಡಿದ್ದ ಗಾಂಭೀರ್ಯ ಅಲ್ಲಿಗೆ ಕೈಕೊಟ್ಟಿತು. ನಕ್ಕು ಕಣ್ಣೊರೆಸಿಕೊಂಡು, ತಮ್ಮ ಸಣ್ಣ ಯಂತ್ರದ ಮೇಲೆ ಹತ್ತಿಸಿ ನೋಡಿ, ಲಾರಿಯ ಯಂತ್ರ ಹೆಚ್ಚೇನೂ ಸುಳ್ಳು ಹೇಳಿಲ್ಲ ಎಂದರು. ಆಮೇಲೆ ಒಂದೊಂದೇ ಕೇಳುತ್ತಾ ಹೋದರು. ಮಂಡಿ ನೋವು? ಇಲ್ಲವೇ ಇಲ್ಲ. ಎದೆಯುರಿ? ಅಂಥದ್ದೇನೂ ಇಲ್ಲ. ನಿದ್ದೆ?

"ನಿದ್ದೆ ವಿಷಯದಲ್ಲಿ ನಾನು ರಾಜ ಮೇಡಂ. ಮಲಗಿದ್ರೆ ಬೆಳಿಗ್ಗೇನೇ."

"ಹೌದು" ಎಂದರು ಹೆಂಡತಿ. ಅವರು ಬಾಯಿ ತೆರೆದದ್ದು ಅದೇ ಮೊದಲು. "ಇವರ ನಿದ್ದೆ ಚೆನ್ನಾಗಿದೆ ಮೇಡಂ. ನಂದೇ ಇಲ್ಲ."

"ಗೊರಕೆನಾ?"

"ಗೊರಕೆ ಇದ್ರೆ ನಂಗೆ ಧೈರ್ಯ. ಅದು ನಡುನಡುವೆ ನಿಂತುಹೋಗುತ್ತೆ. ಉಸಿರೇ ಇರಲ್ಲ. ನಾನು ಎದ್ದು ಕೂತು ಕಾಯ್ತೀನಿ. ಬರಲ್ಲ ಅಂದಾಗ ಭುಜ ಹಿಡಿದು ಅಲ್ಲಾಡಿಸ್ತೀನಿ. ಆಮೇಲೆ ಧಡಕ್ ಅಂತ ಶುರುವಾಗುತ್ತೆ. ಒಂದಿನ ಶುರುವಾಗ್ದೇ ಹೋದ್ರೆ ಅಂತ ನಾನು ಮಲಗೋದೇ ಇಲ್ಲ."

ಭಾವ ಪೈಪಿನ ತುಂಡುಗಳನ್ನು ಮೆಲ್ಲಗೆ ಮೇಜಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

"ಎಷ್ಟು ದಿನದಿಂದ ಕಣೇ?" ಎಂದು ಕೇಳಿದರು ಸಾಹೇಬರು.

"ದಿನ ಅಂತೆ ದಿನ! ವರ್ಷ ಅನ್ನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನಿಂಗೆ ಕನಸು ಬಿದ್ದಿರ್ಬೇಕು ಅಂದ್ರಿ. ಕನಸು ಬೀಳೋಕೆ ನಿದ್ದೆ ಬರ್ಬೇಕಲ್ವೇನ್ರೀ?" ಎಂದು ಹೇಳಿ ಅವರು ಡಾಕ್ಟರ ಕಡೆ ತಿರುಗಿದರು. "ಎದೆಯುರಿ ಇಲ್ಲ ಅಂದ್ರಲ್ಲ, ಅದೂ ಸುಳ್ಳು. ಉರಿ ಔಷಧಿ ಬಾಟ್ಲಿ ಎತ್ತಿ ನೀರಿನ ಹಾಗೆ ಕುಡೀತಾರೆ. ಮಂಡಿ ನೋವೂ ಇದೆ. ಮೆಟ್ಟಿಲು ಹತ್ತುವಾಗ ಸಂಕಟಪಟ್ಟುಕೊಂಡು ಗೋಡೆ ನೋಡ್ತಾ ನಿಂತುಕೋತಾರೆ, ಬಿರುಕು ಪರೀಕ್ಷೆ ಮಾಡೋರ ಹಾಗೆ."

ಸಾಹೇಬರು ಜೀವಮಾನದಲ್ಲಿ ಎಷ್ಟೋ ಲಾರಿಗಳ ಕಳ್ಳಲೆಕ್ಕ ಹಿಡಿದವರು. ಹೀಗೆ ಹೆಂಡತಿಯ ಕೈಯಲ್ಲಿ ಒಂದಿಷ್ಟೂ ಬಿಡದೆ ತೂಗಿಸಿಕೊಂಡದ್ದು ಇದೇ ಮೊದಲು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಪಕ್ಕದಲ್ಲೇ ಕೂತು ತಮ್ಮ ಉಸಿರು ಕಾಯುತ್ತಿದ್ದವಳಿಗೆ ಅವರು ಹೇಳಿದ್ದು ಒಂದು ಸುಳ್ಳು.

ಡಾಕ್ಟರು ಈಗ ನಗುತ್ತಿರಲಿಲ್ಲ. ಮೊದಲು ನಿದ್ದೆಯ ಪರೀಕ್ಷೆ, ರಕ್ತದ ಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಬೇಕು ಎಂದರು. ಬ್ಯಾಂಡನ್ನು ತಾವು ಈಗ ಹಾಕುವುದಿಲ್ಲ, ಹಾಕಿದ್ದನ್ನೇ ಎಷ್ಟೋ ಜನರಿಗೆ ತೆಗೆದಿದ್ದೇವೆ ಎಂದಾಗ ದರ್ಜಿ ಅಳತೆಪಟ್ಟಿ ಸುತ್ತಿಟ್ಟ. ಸ್ಲೀವ್ ಒಳ್ಳೆಯದೇ, ಆದರೆ ಎದೆಯುರಿ ಇರುವವರಿಗೆ ಅದರಿಂದ ಉರಿ ಹೆಚ್ಚಾಗಬಹುದು. "ಹಾಗಾಗಿ ಪರೀಕ್ಷೆಯಲ್ಲಿ ಬೇರೆ ಏನೂ ಬರದಿದ್ರೆ ನಿಮಗೆ ಬೈಪಾಸ್ ಸರಿ ಹೋಗುತ್ತೆ. ವಿಟಮಿನ್ ಮಾತ್ರೆ ಜನ್ಮಪೂರ್ತಿ ತಗೋಬೇಕು."

"ನಾನು ಹೇಳ್ಲಿಲ್ವಾ!" ಭಾವ ಕುರ್ಚಿಯಿಂದ ಜಿಗಿದರು.

"ನೀವು ಹೇಳಿದ್ದು ಟ್ಯಾಂಕಿಗೆ" ಎಂದರು ಡಾಕ್ಟರು. "ಇನ್ನೊಂದು ಮಾತು. ಆಪರೇಷನ್‌ಗೆ ಮುಂಚೆ ಸ್ವಲ್ಪ ತೂಕ ಇಳಿಸ್ಬೇಕು."

"ಇಳಿಸೋಕೆ ಬರೋ ಹಾಗಿದ್ರೆ ಆಪರೇಷನ್ ಯಾಕೆ ಮೇಡಂ?" ಸಾಹೇಬರು ಅಂಗಲಾಚಿದರು.

"ಲಿವರ್ ಉಬ್ಬಿರುತ್ತೆ. ಅದು ಕುಗ್ಗಿದ್ರೆ ಒಳಗೆ ಕೈಯಾಡಿಸೋಕೆ ನನಗೆ ಜಾಗ ಸಿಗುತ್ತೆ. ಆ ಡಬ್ಬಿ ಇಲ್ಲಿ ಕೊಡಿ." ಅಕ್ಕನ ತೊಡೆಯ ಮೇಲಿದ್ದ ಸಿಹಿಯ ಡಬ್ಬಿಯನ್ನು ಡಾಕ್ಟರು ತೆಗೆದುಕೊಂಡು ನರ್ಸುಗಳ ಕೋಣೆಗೆ ಕಳಿಸಿದರು. "ಕೊನೇ ಮಾತು. ದೇಹ ನಿಮ್ಮದು. ಬೇಡ ಅಂದ್ರೂ ನಾನು ಬೇರೆ ದಾರಿ ಹೇಳ್ತೀನಿ, ಯಾರೂ ಬಲವಂತ ಮಾಡೋ ಹಾಗಿಲ್ಲ. ನಿಮಗೆ ಬೇಕಾ?"

ಅಕ್ಕ, ಭಾವ, ದರ್ಜಿ ಮೂವರೂ ಒಟ್ಟಿಗೆ ಬಾಯಿ ತೆರೆದರು. ಸಾಹೇಬರು ಕೈ ಅಡ್ಡ ಹಿಡಿದು ಅವರನ್ನು ತಡೆದರು. "ಬೇಕು ಮೇಡಂ" ಎಂದರು. "ನನಗೆ ನಿಜವಾಗ್ಲೂ ಬೇಕು."

ಮುಂದಿನ ದಿನಗಳ ಉಪವಾಸದ ಕಥೆಯನ್ನು ವರ್ಣಿಸಿ ಸಹೃದಯರನ್ನು ನೋಯಿಸಲಾರೆ. ಅಕ್ಕ ತಮ್ಮನ ಮುಂದೆ ಕೂತು ತರಕಾರಿ ಸೂಪು ಕುಡಿದಳು, ಮನೆಗೆ ಹೋಗಿ ಅತ್ತಳು. ನಿದ್ದೆಯ ಪರೀಕ್ಷೆ ಮಾಡಿದವರು ರಾತ್ರಿ ಮೂಗಿಗೆ ಕಟ್ಟಿಕೊಳ್ಳುವ ಉಸಿರಿನ ಯಂತ್ರವೊಂದನ್ನು ಕೊಟ್ಟರು. ಸಾಹೇಬರು ಅದನ್ನು ಕಟ್ಟಿಕೊಂಡು ಮಲಗಿದರೆ, ಅದು ಸರಿಯಾಗಿ ಕೂತಿದೆಯೇ ಎಂದು ನೋಡಲು ಹೆಂಡತಿ ಎದ್ದು ಕೂರುತ್ತಿದ್ದರು. ಯಂತ್ರಗಳ ಮೇಲೆ ಅವರಿಗೆ ಅಷ್ಟಕ್ಕಷ್ಟೇ.

ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮರುದಿನ ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ಅಕ್ಕ, ಭಾವ, ದರ್ಜಿ, ಮಾಲೀಕ ಎಲ್ಲರೂ ಹೂಗುಚ್ಛ ಹಿಡಿದು, ಯಾರ ಸಲಹೆಯಿಂದ ಇದೆಲ್ಲ ಆಯಿತು ಎಂದು ವಾದಿಸುತ್ತಾ ವಾರ್ಡಿಗೆ ನುಗ್ಗಿದರು. ಬಾಗಿಲಲ್ಲೇ ಅವರಿಗೆ ಭಯಂಕರವಾದ ಗೊರಕೆಯ ಸದ್ದು ಕೇಳಿಸಿತು.

"ಅಯ್ಯೋ, ಇನ್ನೂ ನಿಂತಿಲ್ವಲ್ಲೇ ಇವನ ಗೊರಕೆ!" ಎಂದರು ಭಾವ.

ಸಾಹೇಬರು ಮಂಚದ ಮೇಲೆ ದಿಂಬಿಗೊರಗಿ ಎಚ್ಚರವಾಗಿಯೇ ಕೂತಿದ್ದರು. ಒಂದು ಕೈಯಲ್ಲಿ ಪುಟ್ಟ ಲೋಟದ ನೀರು; ಇನ್ನೊಂದು ಕೈಯ ಬೆರಳಿಗೆ ಸಿಕ್ಕಿಸಿದ್ದ ತಂತಿ ಪಕ್ಕದ ಯಂತ್ರಕ್ಕೆ ಹೋಗಿತ್ತು. ಉಸಿರು ಒಂಚೂರು ತಪ್ಪಿದರೂ ಅದು ಕೂಗಿಕೊಳ್ಳುತ್ತದೆ, ನಾವು ಓಡಿ ಬರುತ್ತೇವೆ ಎಂದು ನರ್ಸು ಬೆಳಿಗ್ಗೆ ಹೇಳಿದ್ದಳು. ಹೆಂಡತಿ ನಿಜವೇ ಎಂದು ಕೇಳಿದ್ದರು. ಖಂಡಿತವೇ ಎಂದು ಮತ್ತೆ ಕೇಳಿದ್ದರು. ಈಗ ಅವರು ಮಂಚದ ಪಕ್ಕದ ಕುರ್ಚಿಯಲ್ಲಿ, ಒಂದು ಚಪ್ಪಲಿ ಕಾಲಿನಿಂದ ಜಾರಿ, ಬಾಯಿ ತೆರೆದು, ಇಡೀ ವಾರ್ಡು ತಿರುಗಿ ನೋಡುವ ಹಾಗೆ ನಿದ್ದೆ ಹೋಗಿದ್ದರು.

ಅಕ್ಕ ತಮ್ಮನ ಹೆಂಡತಿಯನ್ನು ಎಬ್ಬಿಸಲೆಂದು ಭುಜಕ್ಕೆ ಕೈ ಚಾಚಿದಳು. ಸಾಹೇಬರು ಹೊಲಿಗೆಯ ನೋವನ್ನೂ ಲೆಕ್ಕಿಸದೆ ಬಗ್ಗಿ ಆ ಕೈ ಹಿಡಿದುಕೊಂಡರು.

"ಮುಟ್ಬೇಡ ಅಕ್ಕ" ಎಂದರು, ಪಿಸುದನಿಯಲ್ಲಿ. "ಎಲ್ಲ ಆಚೆ ಹೋಗಿ ಮಾತಾಡಿ. ನಾನು ಇವಳನ್ನ ನೋಡ್ಕೋತಿದೀನಿ."